ಲಾರಿಯ ಆಪತ್ತಿನ ಪೆಟ್ಟಿಗೆ

ಆಪತ್ತು ಹೇಳಿ ಕೇಳಿ ಬರುವುದಿಲ್ಲ ಅನ್ನುತ್ತಾರೆ. ನಮ್ಮ ಕಚೇರಿಯ ಲಾರಿಯ ಮಟ್ಟಿಗೆ ಆ ಮಾತು ಸುಳ್ಳು. ಅಲ್ಲಿ ಆಪತ್ತು ಹೆಚ್ಚುಕಮ್ಮಿ ವಾರಕ್ಕೊಂದು ಸಲ ಬರುತ್ತಿತ್ತು, ಅದೂ ನಮ್ಮ ಗುಮಾಸ್ತರಿಗಿಂತ ಹೊತ್ತಿಗೆ ಸರಿಯಾಗಿ.

ಎತ್ತಿಗೆ ಪಾಪ

ಸ್ವಾತಂತ್ರ್ಯ ಬಂದ ಹೊಸದರಲ್ಲಿ ನಾನು ಮೈಸೂರಿನಲ್ಲಿ, ಕೆರೆ ಕಾಲುವೆ ನೋಡಿಕೊಳ್ಳುವ ಕಚೇರಿಯೊಂದರಲ್ಲಿ ಓವರ್‌ಸಿಯರ್ ಆಗಿದ್ದೆ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಬಿಟ್ಟುಹೋದ ಲಾರಿಯೊಂದು ನಮ್ಮ ಪಾಲಿಗೆ ಬಂದಿತ್ತು. ನಾಲ್ಕು ಚಕ್ರಕ್ಕೂ ಇಂಜಿನ್ನಿನ ಬಲ ಹೋಗುವಂಥದ್ದು. ರಸ್ತೆ ಇಲ್ಲದ ಕಡೆ ಓಡುವುದಕ್ಕೆಂದೇ ಮಾಡಿದ್ದು ಅಂತ ಹೇಳಿ ಕೊಟ್ಟಿದ್ದರು. ಅದು ನಿಜ. ನಿಲ್ಲುತ್ತಿದ್ದದ್ದು ರಸ್ತೆ ಇದ್ದ ಕಡೆ.

ಅದರ ಡ್ರೈವರೂ ಯುದ್ಧದಿಂದಲೇ ಬಂದವನು. ಮೈಸೂರಿನ ಪಕ್ಕದ ಹಳ್ಳಿಯ ಬೇಸಾಯದ ಮನೆಯವನು, ಬರ್ಮಾದ ಕಡೆ ಕೆಸರಿನಲ್ಲಿ ಇಂಥದೇ ಲಾರಿ ಓಡಿಸಿದ್ದ. ಲಾರಿಯ ಹಿಂದೆ ಒಂದು ಮರದ ಪೆಟ್ಟಿಗೆ ಜೋಡಿಸಿ, ಅದಕ್ಕೆ ಹಸಿರು ಬಣ್ಣ ಬಳಿದು, ‘ಆಪತ್ತಿನ ಪೆಟ್ಟಿಗೆ’ ಅಂತ ಹೆಸರಿಟ್ಟವನು ಅವನೇ. ಜಾಕು, ಸ್ಪ್ಯಾನರು, ಗುದ್ದಲಿ, ಸನಿಕೆ, ಮಚ್ಚು, ಉಕ್ಕಿನ ಹಗ್ಗ, ಚಕ್ರದ ಕೆಳಗೆ ಹಾಕಲು ಎರಡು ಹಲಗೆ, ಲಾಂದ್ರ, ಬೆಂಕಿಪೊಟ್ಟಣ, ಗಾಯಕ್ಕೆ ಹಚ್ಚುವ ಟಿಂಚರು, ಕಟ್ಟುವ ಬಟ್ಟೆ, ಪಕ್ಕದಲ್ಲಿ ನೀರಿನ ಕ್ಯಾನು. ನಮ್ಮ ಮನೆ ಅಡುಗೆಮನೆಯೂ ಅಷ್ಟು ಅಚ್ಚುಕಟ್ಟಾಗಿರಲಿಲ್ಲ.

ಪೆಟ್ಟಿಗೆಯಲ್ಲಿ ಇಷ್ಟೆಲ್ಲ ಇದ್ದೂ ಒಂದು ದಿನ ನಂಜನಗೂಡಿನ ರಸ್ತೆಯಲ್ಲಿ ಇಂಜಿನ್ನಿನೊಳಗೆ ಏನೋ ಮುರಿಯಿತು. ಅದಕ್ಕೆ ಪೆಟ್ಟಿಗೆಯಲ್ಲಿ ಮದ್ದಿರಲಿಲ್ಲ. ಎರಡು ಜೊತೆ ಎತ್ತು ಕಟ್ಟಿ ಲಾರಿಯನ್ನು ಊರೊಳಕ್ಕೆ ಎಳೆಸಿಕೊಂಡು ಬಂದೆವು. ನಾನು ಒಳಗೆ ಕೂತು ಪತ್ರಿಕೆಯಿಂದ ಮುಖ ಮುಚ್ಚಿಕೊಂಡಿದ್ದೆ. ಮಾರ್ಕೆಟ್ಟಿನ ಹತ್ತಿರ ಹೂವಿನ ಬುಟ್ಟಿ ಹೊತ್ತಿದ್ದ ಮುದುಕಿಯೊಬ್ಬರು ನಿಂತು ನೋಡಿದರು. ಎತ್ತಿನ ಬೆನ್ನು ಸವರಿ ಡ್ರೈವರನ್ನು ಕೇಳಿದರು.

"ಅಲ್ಲ ಕಣಪ್ಪ, ಇಷ್ಟು ಒಳ್ಳೇ ಎತ್ತಿಗೆ ಇಂಥ ಕೆಟ್ಟ ಗಾಡೀನ ಯಾಕಪ್ಪ ಕಟ್ಟಿದೀಯ?"

ಆ ಮಾತು ನಾವು ತಲುಪುವುದಕ್ಕೆ ಮುಂಚೆ ಕಚೇರಿ ತಲುಪಿತ್ತು. ನಮ್ಮ ಸಾಹೇಬರು ಇಂಜಿನಿಯರು, ಮರ್ಯಾದೆಯ ವಿಷಯದಲ್ಲಿ ಬಹಳ ಸೂಕ್ಷ್ಮ. ಅಲ್ಲೇ ನಿಂತು ಲಿಖಿತ ಆರ್ಡರು ಮಾಡಿದರು: ಇನ್ನೊಂದು ಸಲ ಈ ಲಾರಿಯನ್ನು ಎತ್ತು ಎಳೆದರೆ, ಲಾರಿ ಹರಾಜಿಗೆ.

ಡ್ರೈವರನ್ನು ನೇಮಿಸಿಕೊಂಡದ್ದೇ ಆ ಲಾರಿಗಾಗಿ. ಅದು ಹೋದರೆ ಅವನ ಕೆಲಸವೂ ಹೋದಂತೆ. ಮನೆಯಲ್ಲಿ ಹೆಂಡತಿ, ಮೂರು ಮಕ್ಕಳು. ಆರ್ಡರನ್ನು ನಾನು ಓದಿ ಹೇಳಿದಾಗ ಅವನು ಲಾರಿಯ ಬಾನೆಟ್ಟಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ. ಏನಾದರೂ ಸಮಾಧಾನ ಹೇಳೋಣ ಅಂತ ಬಾಯಿ ತೆರೆಯುವಷ್ಟರಲ್ಲಿ ಅವನೇ ಹೇಳಿದ.

"ಬುಡಿ ಸ್ವಾಮಿ. ಆ ಅಜ್ಜಿ ನಮ್ ಲಾರೀನ ಗಾಡಿ ಅಂತ ಆದ್ರೂ ಒಪ್ಕೊಂಡ್ರಲ್ಲ."

ಒಗ್ಗರಣೆ

ಅಂದಿನಿಂದ ಅವನಿಗೆ ಎತ್ತು ಕಂಡರೆ ಭಯ. ದಾರಿಯಲ್ಲಿ ಎದುರಿಗೆ ಜೋಡೆತ್ತು ಬಂದರೆ ಹಾರನ್ ಕೂಡ ಮಾಡದೆ ಸುತ್ತುಹಾಕಿಕೊಂಡು ಹೋಗುತ್ತಿದ್ದ.

ನನ್ನ ಮನೆಯಲ್ಲಿ ಭಯ ಬೇರೆ ಥರ. ಆಗ ನನಗೆ ಹೊಸದಾಗಿ ಮದುವೆಯಾಗಿತ್ತು, ಚಾಮರಾಜಪುರಂನಲ್ಲಿ ಮನೆ. ಗಂಡ ಕಾಡುದಾರಿಯಲ್ಲಿ ಬಾಯಾರಿ ಬಿದ್ದುಬಿಡುತ್ತಾನೆ ಅಂತ ನನ್ನ ಹೆಂಡತಿಗೆ ಗಟ್ಟಿ ನಂಬಿಕೆ. ಒಂದು ದಿನ ಬೆಳಗ್ಗೆ ಲಾರಿ ಮನೆ ಮುಂದೆ ನಿಂತಿತ್ತು. ನಾನೂ ಡ್ರೈವರೂ ಜಗಲಿಯ ಮೇಲೆ ಕಾಫಿ ಕುಡಿಯುತ್ತಿದ್ದೆವು. ಅಷ್ಟರಲ್ಲಿ ಇವಳು ಕ್ಯಾನಿನ ಮುಚ್ಚಳ ತೆಗೆದು ನೋಡಿದ್ದಾಳೆ. ಒಳಗಿನ ನೀರು ಕಂದು ಬಣ್ಣಕ್ಕಿತ್ತಂತೆ. ಇದನ್ನು ಮನುಷ್ಯರು ಕುಡಿಯುತ್ತಾರೆಯೇ ಅಂದುಕೊಂಡು ಗಿಡಕ್ಕೆ ಚೆಲ್ಲಿ, ಕ್ಯಾನು ತೊಳೆದು, ತುಂಬ ಮಜ್ಜಿಗೆ ತುಂಬಿಸಿಟ್ಟಳು. ನಮಗೆ ಹೇಳಲಿಲ್ಲ. ದಾರಿಯಲ್ಲಿ ನೋಡಿ ಸಂತೋಷಪಡಲಿ ಅಂತ.

ಹೆಗ್ಗಡದೇವನಕೋಟೆಯ ಆಚೆ ಏರಿನಲ್ಲಿ ರೇಡಿಯೇಟರು ಕುದಿಯಿತು. ಡ್ರೈವರು ಅದು ಆರುವ ತನಕ ಕಾದು, ಬಟ್ಟೆ ಹಿಡಿದು ಮುಚ್ಚಳ ತೆಗೆದು, ಮಾತಾಡುತ್ತಾ ಮಾತಾಡುತ್ತಾ ಕ್ಯಾನಿನಿಂದ ಸುರಿದ. ಬುಸ್ ಅಂತ ಆವಿ ಎದ್ದಿತು. ಆವಿಯ ಜೊತೆಗೆ ಇಂಗು, ಶುಂಠಿ, ಕರಿಬೇವಿನ ಪರಿಮಳ. ಡ್ರೈವರು ಮೂಗು ಅರಳಿಸಿ ನಿಂತ. ಅವನ ಮೀಸೆಯ ಮೇಲೆ ಒಂದು ಸಾಸಿವೆ ಕಾಳು.

"ಸ್ವಾಮಿ," ಅಂದ, "ಇಂಜಿನ್ನಿಗೆ ಒಗ್ಗರಣೆ ಬಿತ್ತು."

ಪಕ್ಕದ ಹಳ್ಳದಿಂದ ನೀರು ಹೊತ್ತು ಆರು ಸಲ ರೇಡಿಯೇಟರು ತೊಳೆದೆವು. ದೂರದಲ್ಲಿ ಉಳುಮೆಯ ಎತ್ತುಗಳು ಕಾಣುತ್ತಿದ್ದವು. ಅವನು ಅತ್ತ ನೋಡದೆ ತೊಳೆಯುತ್ತಿದ್ದ. ಲಾರಿ ಹೇಗೋ ತಾನೇ ಓಡಿಕೊಂಡು ಮೈಸೂರು ಸೇರಿತು. ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ಕೇಳಿದಳು.

"ಮಜ್ಜಿಗೆ ಖಾಲಿಯಾಯ್ತಾ?"

ಅವಳ ಮುಖ ನೋಡಿ ನನಗೆ ನಿಜ ಹೇಳಲು ಮನಸ್ಸಾಗಲಿಲ್ಲ. "ಒಂದು ತೊಟ್ಟೂ ಉಳೀಲಿಲ್ಲ" ಅಂದೆ.

"ಡ್ರೈವರಿಗೂ ಕೊಟ್ರಿ ತಾನೆ?"

"ಅವನ ಮೀಸೆಗೂ ಬಂತು ಕಣೇ."

ಮುಂದಿನ ವಾರ ಅವಳು ಮಜ್ಜಿಗೆಗೆಂದೇ ಎರಡನೇ ಕ್ಯಾನು ಕೊಂಡುತಂದಳು. ಅದರ ಮೇಲೆ ಡ್ರೈವರು ಸುಣ್ಣದಲ್ಲಿ ದೊಡ್ಡದಾಗಿ ಬರೆದ: ‘ಇದು ಲಾರಿಗಲ್ಲ.’

ಬೀದಿಯ ಆಪತ್ತು

ಡ್ರೈವರನ ಮನೆ ವಿದ್ಯಾರಣ್ಯಪುರಂನಲ್ಲಿ. ಬೆಳಗಿನ ಜಾವ ಹೊರಡಬೇಕಾದ ದಿನಗಳಲ್ಲಿ ಹಿಂದಿನ ಸಂಜೆಯೇ ಲಾರಿಯನ್ನು ಮನೆ ಮುಂದೆ ತಂದು ನಿಲ್ಲಿಸಲು ಅವನಿಗೆ ಅಪ್ಪಣೆಯಿತ್ತು. ಆ ಬೀದಿಯವರು ‘ಆಪತ್ತಿನ ಪೆಟ್ಟಿಗೆ’ ಅಂದರೆ ಊರವರ ಆಪತ್ತಿಗೆ ಇಟ್ಟ ಪೆಟ್ಟಿಗೆ ಅಂತ ತಿಳಿದುಕೊಂಡಿದ್ದರು. ಹಾಗಲ್ಲ ಅಂತ ಹೇಳುವುದು ಅವನ ಜಾಯಮಾನವಲ್ಲ. ಕೇಳಿದವರಿಗೆ ಇಲ್ಲ ಅನ್ನಲಾರದ ಮನುಷ್ಯ.

ಇದು ಯಾರ ಬಾಯಿಂದಲೋ ಸಾಹೇಬರ ಕಿವಿಗೆ ಬಿತ್ತು. ಒಂದು ಮುಂಜಾನೆ ನನ್ನನ್ನೂ ಕರೆದುಕೊಂಡು, ಹೇಳದೆ ಕೇಳದೆ, ಪೆಟ್ಟಿಗೆಯ ಸಾಮಾನಿನ ಪಟ್ಟಿ ಹಿಡಿದು ಆ ಬೀದಿಗೆ ಬಂದುಬಿಟ್ಟರು. ಪೆಟ್ಟಿಗೆ ತೆರೆಸಿದರು. ಒಳಗೆ ಬೆಂಕಿಪೊಟ್ಟಣ ಒಂದೇ ಇತ್ತು. ಡ್ರೈವರನ ಮುಖ ಬಿಳುಚಿಕೊಂಡಿತು. ಎತ್ತು ಬಂದು ಎಳೆಯುವ ಮುಂಚೆಯೇ ಕೆಲಸ ಹೋಯಿತು ಅಂತ ನಾನೂ ಅಂದುಕೊಂಡೆ.

"ಜಾಕು?" ಅಂದರು ಸಾಹೇಬರು.

ಮೂರನೇ ಮನೆಯಿಂದ ಹೆಂಗಸೊಬ್ಬರು ಸೆರಗು ಸೊಂಟಕ್ಕೆ ಸಿಕ್ಕಿಸಿ, ಜಾಕು ಹೊತ್ತು ತಂದರು. "ತಗೊಳ್ಳಿ ಸ್ವಾಮಿ. ನಮ್ಮ ಒರಳುಕಲ್ಲು ಒಂದ್ ಕಡೆಗೆ ಕುಸಿದಿತ್ತು, ಎತ್ತಿ ಕೂರಿಸ್ಕೊಂಡ್ವಿ. ಒಳ್ಳೇ ಸಾಮಾನು ಕಣ್ರೀ."

"ಹಗ್ಗ?"

"ಬಂತು, ಬಂತು" ಅಂತ ಬಾವಿಕಟ್ಟೆಯ ಕಡೆಯಿಂದ ದನಿ. ಹಿಂದೆಯೇ ಹಗ್ಗ. ಹಲಗೆಗಳು ಮದುವೆ ಮನೆಯ ಚಪ್ಪರದಿಂದ ಬಂದವು, ಅದರ ಮೇಲೆ ಅರಿಶಿನ ಕುಂಕುಮ ಇನ್ನೂ ಹಸಿಯಾಗಿತ್ತು. ಲಾಂದ್ರ ಬಾಣಂತಿ ಕೋಣೆಯಿಂದ ಬಂತು. ಗುದ್ದಲಿ, ಸನಿಕೆ, ಮಚ್ಚು, ಒಂದೊಂದನ್ನೂ ಒಬ್ಬೊಬ್ಬರು ಹಿಡಿದು, ಗಂಧದ ತಟ್ಟೆ ಹಿಡಿದವರ ಹಾಗೆ ಸಾಲಾಗಿ ಬಂದರು. ಪ್ರತಿಯೊಬ್ಬರೂ ಸಾಹೇಬರಿಗೆ ಡ್ರೈವರನ ಗುಣಗಾನ ಮಾಡಿಯೇ ಹೋದರು. ಸಾಹೇಬರು ಪಟ್ಟಿಯಲ್ಲಿ ಗುರುತು ಹಾಕುತ್ತಾ ಹೋದರು.

ಕೊನೆಗೆ ಉಳಿದದ್ದು ಟಿಂಚರು. ಸಾಹೇಬರು ತಲೆಯೆತ್ತಿದರು. ಬಾಗಿಲಿಗೆ ಒರಗಿ ಕೂತಿದ್ದ ತಾತನೊಬ್ಬರು ಪಂಚೆಯನ್ನು ಮೇಲಕ್ಕೆ ಸರಿಸಿ, ಕೆಂಪಗೆ ಬಳಿದ ಎರಡು ಮಂಡಿಗಳನ್ನು ಮುಂದೆ ಚಾಚಿದರು.

"ಇಲ್ಲೈತೆ ಸ್ವಾಮಿ. ಗುರುತು ಆಕ್ಕೊಳ್ಳಿ. ವಾಪಸು ಮಾತ್ರ ಕೊಡಕ್ಕಾಗಕ್ಕಿಲ್ಲ."

ಸಾಹೇಬರು ಗುರುತು ಹಾಕಿಕೊಂಡರು.

ಆಯುಧಗಳು ಪೂಜೆಗೆ ಕೂತದ್ದು

ಮಹಾನವಮಿಯ ದಿನ ಆಯುಧಪೂಜೆ. ಟೈಪ್‌ರೈಟರಿಗೂ ಹೂವು ಮುಡಿಸುವ ಕಚೇರಿಯಲ್ಲಿ ಡ್ರೈವರು ಸುಮ್ಮನಿರುತ್ತಾನೆಯೇ. ಪೆಟ್ಟಿಗೆಯಲ್ಲಿದ್ದುದನ್ನೆಲ್ಲ ತೆಗೆದು ತಿಕ್ಕಿ ತೊಳೆದು, ಕಚೇರಿಯ ಹಜಾರದಲ್ಲಿ ಜಮಖಾನ ಹಾಸಿ ಜೋಡಿಸಿದ. ಪುರೋಹಿತರು ಪೂಜೆ ಮಾಡಿದರು. ಮಾರನೆಯ ದಿನ, ವಿಜಯದಶಮಿ ಬೆಳಗ್ಗೆ ಒಂಬತ್ತಕ್ಕೆ ಬಂದು ಮರುಪೂಜೆ ಮಾಡಿ ಇಳಿಸುವ ತನಕ ಯಾರೂ ಮುಟ್ಟಕೂಡದು ಅಂತ ಹೇಳಿ ಹೋದರು.

ಮಾರನೆಯ ಬೆಳಗ್ಗೆ ಏಳಕ್ಕೇ ಹಳ್ಳಿಯೊಂದರಿಂದ ಆಳು ಓಡಿಬಂದ. ರಾತ್ರಿಯ ಮಳೆಗೆ ಕೆರೆ ಏರಿ ಸೋರುತ್ತಿದೆಯಂತೆ. ಸಾಹೇಬರು ಮಧ್ಯಾಹ್ನದ ಮೆರವಣಿಗೆಗೆಂದು ಆಗಲೇ ಸಿದ್ಧವಾಗಿ ಕೂತಿದ್ದರು. ಕರಿಯ ಕೋಟು, ಕಚ್ಚೆ ಪಂಚೆ, ಜರಿ ಪೇಟ. ಬಟ್ಟೆ ಬದಲಿಸಲೂ ನಿಲ್ಲದೆ ಬಂದು ಲಾರಿ ಹತ್ತಿದರು.

ಡ್ರೈವರು ಲಾರಿಗೆ ತಾನೇ ನಸುಕಿನಲ್ಲಿ ಮರುಪೂಜೆ ಮುಗಿಸಿದ್ದ. ಆದರೆ ನನ್ನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದ. "ಸ್ವಾಮಿ, ಸಾಮಾನೆಲ್ಲ ಪೂಜೆಲವೆ. ಮುಟ್ಟಂಗಿಲ್ಲ."

"ಒಂದು ಗಂಟೆ ಕೆಲಸ, ನಡಿಯಪ್ಪ" ಅಂದೆ. ತಪ್ಪು ನನ್ನದೇ.

ನಾವು ಹೋಗುವಷ್ಟರಲ್ಲಿ ಊರಿನವರೇ ಹುಲ್ಲು ಮಣ್ಣು ಮೆಟ್ಟಿ ಸೋರಿಕೆ ನಿಲ್ಲಿಸಿದ್ದರು. ಸಾಹೇಬರು ನೋಡಿ ಮೆಚ್ಚಿಕೊಂಡರು, ವಾಪಸು ಹೊರಟೆವು. ಏರಿಯ ಬುಡದಲ್ಲಿ ಲಾರಿ ತಿರುಗಿಸುವಾಗ ಹಿಂದಿನ ಚಕ್ರಗಳೆರಡೂ ಕೆಸರಿಗೆ ಇಳಿದವು. ಮುಂದಿನವೂ ಹಿಂದೆಯೇ ಇಳಿದವು.

"ಜಾಕು ತೆಗಿ" ಅಂದರು ಸಾಹೇಬರು.

"ಜಾಕು ಪೂಜೆಗೆ ಕುಂತೈತೆ ಬುದ್ಧಿ."

"ಹಲಗೆ?"

"ಅವೂ ಅದರ ಪಕ್ಕದಲ್ಲೇ ಅವೆ."

ಸಾಹೇಬರು ತಾವೇ ಹೋಗಿ ಪೆಟ್ಟಿಗೆ ತೆರೆದರು. ಹಬ್ಬದ ದಿನ ಪೆಟ್ಟಿಗೆ ಬರಿದಾಗಿರಬಾರದು ಅಂತ ಡ್ರೈವರನ ಹೆಂಡತಿ ಒಂದು ತೆಂಗಿನಕಾಯಿ, ಎಲೆ ಅಡಿಕೆ, ನಾಲ್ಕು ಬಾಳೆಹಣ್ಣು ಇಟ್ಟಿದ್ದಳು. ಸಾಹೇಬರು ಸ್ವಲ್ಪ ಹೊತ್ತು ಅದನ್ನು ನೋಡಿ, ಒಂದು ಬಾಳೆಹಣ್ಣು ಸುಲಿದು ತಿಂದರು.

ಕೈಯಲ್ಲೇ ಕೆಸರು ಬಗೆದೆವು. ಕಲ್ಲು ಹಾಕಿದೆವು. ಲಾರಿಗೆ ಕಟ್ಟಿದ್ದ ಬಾಳೆಕಂದು ಬಿಚ್ಚಿ ಚಕ್ರದ ಕೆಳಗಿಟ್ಟೆವು. ಅದರ ಲೋಳೆಗೆ ಚಕ್ರ ಇನ್ನಷ್ಟು ಜಾರಿತು. ಸಾಹೇಬರು ಪೇಟ ತೆಗೆದು ಸೀಟಿನ ಮೇಲಿಟ್ಟು, ಕೋಟಿನಲ್ಲೇ ಹಿಂದೆ ನಿಂತು ನೂಕಿದರು. ಚಕ್ರ ಗಿರ್ರೆಂದು ತಿರುಗಿ ಅವರನ್ನು ತಲೆಯಿಂದ ಕಾಲಿನವರೆಗೆ ಸಾರಿಸಿಬಿಟ್ಟಿತು.

ಆಗ ರೈತನೊಬ್ಬ ಹಗ್ಗ ಹೆಗಲಿಗೇರಿಸಿಕೊಂಡು ಬಂದ. ಜೊತೆಗೆ ಹಬ್ಬಕ್ಕೆ ಕೊಂಬಿಗೆ ಬಣ್ಣ ಹಚ್ಚಿ, ಕೊರಳಿಗೆ ಹೂವು ಹಾಕಿದ್ದ ಭಾರೀ ಎತ್ತುಗಳ ಜೋಡಿ.

"ಕಟ್ಟಾನ ಸ್ವಾಮಿ? ಒಂದ್ ಗಳಿಗೆ ಕೆಲ್ಸ."

ಡ್ರೈವರು ಓಡಿಬಂದು ಲಾರಿಗೂ ಎತ್ತಿಗೂ ನಡುವೆ ನಿಂತುಬಿಟ್ಟ. "ಬ್ಯಾಡ ಕಣಣ್ಣ, ಕಟ್ಬ್ಯಾಡ."

"ಅಲ್ಲ, ಯಾಕಣ್ಣ? ಒಳ್ಳೇ ಎತ್ತು."

ಡ್ರೈವರು ಸಾಹೇಬರ ಕಡೆ ತಿರುಗಿದ. ಮೊಳಕೈವರೆಗೆ ಕೆಸರು, ಉಗುರು ಕಿತ್ತು ರಕ್ತ. "ಇನ್ನೊಂದ್ ಕಿತ ನೋಡ್ತೀನಿ ಬುದ್ಧಿ. ಸಂಜೆಗಂಟ ಆದ್ರೂ ಬಗೀತೀನಿ. ನಂಗೆ ಮೂರ್ ಮಕ್ಳವ್ರೆ."

ನನಗೆ ತಲೆಯೆತ್ತಿ ನೋಡಲಾಗಲಿಲ್ಲ. ಆ ಲಾರಿಯನ್ನು ಅವನು ಎಷ್ಟು ಜೋಪಾನ ಮಾಡಿದ್ದ ಅನ್ನುವುದು ನನಗೆ ಗೊತ್ತಿತ್ತು. ಪೆಟ್ಟಿಗೆ ಖಾಲಿ ಅಂತ ಗೊತ್ತಿದ್ದೂ ಹೊರಡಿಸಿದವನು ನಾನು. ಅದನ್ನು ಸಾಹೇಬರಿಗೆ ಹೇಳಿಯೂಬಿಟ್ಟೆ. ಅವರು ಮುಖದ ಕೆಸರು ಒರೆಸಿಕೊಂಡು ರೈತನಿಗೆ ಹೇಳಿದರು.

"ಕಟ್ಟಪ್ಪ ಎತ್ತು."

ಒಂದೇ ಎಳೆತಕ್ಕೆ ಲಾರಿ ಮೇಲೆ ಬಂತು. ಮೈಸೂರಿನ ತನಕ ಡ್ರೈವರು ಒಂದೊಂದು ಗೇರನ್ನೂ ಕೊನೆಯ ಸಲ ಹಾಕುವವನ ಹಾಗೆ ಮೆಲ್ಲಗೆ ಹಾಕುತ್ತಿದ್ದ.

ಸಾಹೇಬರು ಪ್ರಯಾಣ ಮಾಡಿದ ದಿನ ಲಾಗ್ ಪುಸ್ತಕದಲ್ಲಿ ಅವರೇ ಬರೆಯಬೇಕು, ಅದು ರೂಲು. ಕಚೇರಿಯ ಮುಂದೆ ಇಳಿದವರೇ ಪುಸ್ತಕ ತರಿಸಿ, ಬಾನೆಟ್ಟಿನ ಮೇಲಿಟ್ಟುಕೊಂಡು, ನಿಂತೇ ಬರೆದರು. ಬರೆದು ನನ್ನ ಕೈಗೆ ಕೊಟ್ಟು, "ಗಟ್ಟಿಯಾಗಿ ಓದ್ರೀ, ಇವನಿಗೂ ಕೇಳಲಿ" ಅಂದರು. ಡ್ರೈವರು ಕೈಮುಗಿದು ತಲೆ ತಗ್ಗಿಸಿ ನಿಂತ. ನಾನು ಓದಿದೆ.

"ಕೆರೆ ಏರಿ ಭದ್ರವಾಗಿದೆ. ಲಾರಿ ಸುಸ್ಥಿತಿಯಲ್ಲಿದೆ. ವಿಜಯದಶಮಿಯ ಪ್ರಯುಕ್ತ ಏರಿಯ ಬುಡದಲ್ಲಿ ಚಿಕ್ಕದೊಂದು ಮೆರವಣಿಗೆ ನಡೆಯಿತು. ಅಲಂಕರಿಸಿದ ಎರಡು ಎತ್ತುಗಳು ಮುಂದೆ ನಡೆದವು. ಲಾರಿ ಹಿಂದಿನಿಂದ ಬಂತು."

ಡ್ರೈವರು ನಿಧಾನವಾಗಿ ತಲೆಯೆತ್ತಿದ. ಕಣ್ಣು ತುಂಬಿತ್ತು. ಆದರೂ ಸುಳ್ಳು ಆಡಿ ಅಭ್ಯಾಸವಿಲ್ಲದ ಮನುಷ್ಯ, ತಡೆಯಲಾರದೆ ಕೇಳಿಬಿಟ್ಟ.

"ಬುದ್ಧಿ, ಮಧ್ಯೆ ಹಗ್ಗ ಇತ್ತಲ್ಲ?"

ಸಾಹೇಬರು ಕೆಸರಿನ ಕೋಟಿನ ಮೇಲೆ ಜರಿ ಪೇಟ ಸರಿಯಾಗಿ ಇಟ್ಟುಕೊಂಡರು.

"ಮೆರವಣಿಗೆ ಅಂದಮೇಲೆ ಸಾಲು ಚದುರದ ಹಾಗೆ ಹಗ್ಗ ಹಿಡೀಬೇಡವೇನಯ್ಯ?"