ಮಾವನ ಏರ್‌ಗನ್ನಿಗೆ ನಾನು ಆರಿಸಿದ ಸ್ಕೋಪು

ಕಾಲೇಜಿನ ಮೂರು ವರ್ಷದಲ್ಲಿ ಚರ್ಚಾಸ್ಪರ್ಧೆಯಲ್ಲಿ ನಾನು ಒಮ್ಮೆಯೂ ಸೋತವಳಲ್ಲ. ಪರವಾಗಿ ಮಾತಾಡು ಎಂದರೆ ಪರ, ವಿರೋಧವಾಗಿ ಎಂದರೆ ವಿರೋಧ. ಯಾರು ಏನು ಹೇಳಿದರೂ ಮೊದಲು ಅನುಮಾನಿಸು, ಆಮೇಲೆ ಕೇಳಿಸಿಕೋ ಎಂಬುದು ನನ್ನ ಪದ್ಧತಿ. ದಾವಣಗೆರೆಯಿಂದ ಕೊಯಮತ್ತೂರು ಬಳಿಯ ಕರುಮತ್ತಂಪಟ್ಟಿಗೆ ಸೊಸೆಯಾಗಿ ಬಂದ ಮೊದಲ ತಿಂಗಳಲ್ಲೇ, ಗ್ರಹಣದ ಹೊತ್ತಿನಲ್ಲಿ ಊಟ ಮಾಡಬಹುದೋ ಬಾರದೋ ಎಂಬ ವಿಷಯದಲ್ಲಿ ಮಾವನನ್ನು ಆರು ಅಂಶಗಳಿಂದ ಸೋಲಿಸಿದೆ. ಗೆದ್ದೆ. ಒಬ್ಬಳೇ ಕೂತು ಉಂಡೆ!

ಆಮೇಲೆ ಮಾವ ನನ್ನ ಜೊತೆ ಮಾತಾಡುವುದು ‘ಕಾಫಿ ಆಯ್ತಾ ಅಮ್ಮಣಿ’ ಎಂಬಲ್ಲಿಗೆ ನಿಂತಿತ್ತು. ಅಂಥವರು ಒಂದು ಬೆಳಗ್ಗೆ ತಾವಾಗಿಯೇ ಬಂದು ನನ್ನೆದುರು ಕೂತರು.

“ಅಮ್ಮಣಿ, ನನ್ನ ಗನ್ನಿಗೆ ಒಂದು ಸ್ಕೋಪು ಬೇಕು, ಗುರಿ ನೋಡೋ ದುರ್ಬೀನು. ಹಳೇದು ರೊಂಬ ಭಾರ. ಹಗುರ ಇರಬೇಕು, ನಂಬೋ ಹಾಗೂ ಇರಬೇಕು. ನೀನು ತಾನೆ ಎಲ್ಲಾ ಓದ್ತೀಯ. ನೀನೇ ಆರಿಸು.”

ನನ್ನ ಮಾವ ನಲವತ್ತು ವರ್ಷ ಪವರ್‌ಲೂಮ್ ಓಡಿಸಿದವರು. ಮನೆತನದವರು ನಾಲ್ಕೈದು ತಲೆಮಾರಿನಿಂದ ಈ ಸೀಮೆಯಲ್ಲೇ ಇದ್ದು, ಮನೆಯೊಳಗೆ ಮಾತ್ರ ಕನ್ನಡ ಉಳಿಸಿಕೊಂಡವರು. ಮಾವನ ಏಕೈಕ ಹುಚ್ಚು ಏರ್‌ಗನ್. ಬೇಟೆಯಾಡಿದರೆ ಜೈಲು. ಹಾಗಾಗಿ ಅವರೂ ಗೆಳೆಯರೂ ವರ್ಷಕ್ಕೊಮ್ಮೆ ಸಿರುಮುಗೈ ಆಚೆಯ ಗುಡ್ಡದ ಬುಡದಲ್ಲಿ, ಒಬ್ಬರ ತೆಂಗಿನ ತೋಪಿನಲ್ಲಿ, ಕಾನೂನುಬದ್ಧ ಬೇಟೆ ನಡೆಸುತ್ತಾರೆ. ದಾರಿಯುದ್ದಕ್ಕೂ ಹತ್ತು ಕಡೆ ತಗಡಿನ ಪ್ರಾಣಿಗಳು. ಒಂದೊಂದಕ್ಕೆ ಒಂದೇ ಗುಂಡು. ಹೊಟ್ಟೆಯ ಮೇಲಿನ ಕೆಂಪು ಬೊಟ್ಟಿಗೆ ತಾಗಿದರೆ ಪ್ರಾಣಿ ಮಗುಚಿ ಬೀಳುತ್ತದೆ. ಹತ್ತನೆಯದು, ಎಲ್ಲಕ್ಕಿಂತ ದೂರದ್ದು, ಹಂದಿ. ಅದನ್ನು ಇದುವರೆಗೆ ಯಾರೂ ಬೀಳಿಸಿರಲಿಲ್ಲ.

“ಭುಜ ಪೂರಾ ಹೋಯ್ತು ಅಮ್ಮಣಿ. ಇನ್ಮೇಲೆ ಗನ್ ಎತ್ತಬೇಡ ಅಂದಿದ್ದಾರೆ ಡಾಕ್ಟರು. ಇದೊಂದು ಸಲ. ಆ ಹಂದಿ ಬಿದ್ದರೆ ಸಾಕು, ಆಮೇಲೆ ಗನ್ನನ್ನ ಅಟ್ಟಕ್ಕೆ ಹಾಕ್ಬಿಡ್ತೀನಿ.”

ಇಷ್ಟು ಉದ್ದದ ಮಾತನ್ನು ಮಾವ ನನ್ನೊಡನೆ ಆಡಿದ್ದು ಅದೇ ಮೊದಲು. ನನ್ನ ಎದೆ ಉಬ್ಬಿತು. ಹಂದಿಯ ಕಥೆ ಮುಗಿಯಿತು ಎಂದುಕೊಂಡೆ.

ಮೂರು ವಾರ ಸಂಶೋಧನೆ ನಡೆಸಿದೆ. ಹಿಮದ ಬೆಟ್ಟಗಳಲ್ಲಿ ಕಾಡುಕುರಿಯ ಹಿಂದೆ ವಾರಗಟ್ಟಲೆ ಅಲೆಯುವ ವಿದೇಶಿ ಬೇಟೆಗಾರರ ಬರಹಗಳನ್ನೆಲ್ಲ ಓದಿದೆ. ಬೆನ್ನಿನ ಭಾರ ಇಳಿಸಲು ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನೇ ಅರ್ಧಕ್ಕೆ ಕತ್ತರಿಸುವ ಮಹನೀಯರು ಅವರು! ನಮ್ಮ ಮಾವ ನಡೆಯಬೇಕಾದದ್ದು ಕಾರಿನಿಂದ ತೋಪಿನ ಆ ತುದಿಗೆ, ನಡುವೆ ಎರಡು ಕಡೆ ಟೀ ಕುಡಿದು. ಆದರೆ ತತ್ವ ತತ್ವವೇ. ಹದಿನಾಲ್ಕು ಕಾಲಮ್ಮುಗಳ ಪಟ್ಟಿ ಮಾಡಿದೆ.

ಗಂಡ ಕಾರ್ತಿ ಬಗ್ಗಿ ನೋಡಿದ. “ನಾನು ಹೆಣ್ಣು ನೋಡೋವಾಗ ಇಷ್ಟೆಲ್ಲ ವಿಚಾರ ಮಾಡ್ಲಿಲ್ಲ.”

“ಅದಕ್ಕೇ ನಾನು ಸಿಕ್ಕಿದ್ದು.”

“ಅದನ್ನೇ ಹೇಳಿದ್ದು.”

ಕೊನೆಗೂ ಸ್ಕೋಪು ಬಂತು. ಅತ್ತೆಯ ಅಡುಗೆಮನೆಯ ತಕ್ಕಡಿಯಲ್ಲಿಟ್ಟು ತೂಗಿದೆ. ಎದುರಿಗೆ ಮೂರು ಈರುಳ್ಳಿ ಹಾಕಿದರೆ ಸಮ! ಅದನ್ನು ಎತ್ತಿಕೊಂಡು ಮಾವ, ನಾನು ಪೋತ್ತನೂರಿನ ಮಯಿಲ್ಸಾಮಿ ಅವರಲ್ಲಿಗೆ ಹೋದೆವು. ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರಾಗಿದ್ದು ನಿವೃತ್ತರಾದ ಮೇಲೆ ಮನೆಯ ಜಗಲಿಯಲ್ಲೇ ಏರ್‌ಗನ್ ರಿಪೇರಿ ಮಾಡುವ ಹಿರಿಯರು. ಅವರೂ ಮನೆಯಲ್ಲಿ ಕನ್ನಡದವರೇ. ಆದರೆ ಕೊಯಮತ್ತೂರಿನ ಮರ್ಯಾದೆಯ ‘ಂಗ’ ಸೇರಿಸದೆ ಅವರ ವಾಕ್ಯ ಮುಗಿಯುವುದಿಲ್ಲ.

ಸ್ಕೋಪನ್ನು ತಿರುಗಿಸಿ ನೋಡಿದರು. “ಇದು ದೊಡ್ಡ ರೈಫಲ್ಲಿಂದುಂಗ. ಇದಕ್ಕೆ ಆಗಲ್ಲೀಂಗ.”

“ಯಾಕೆ ಆಗಲ್ಲ?”

“ದೊಡ್ಡ ರೈಫಲ್ಲು ಹಿಂದಕ್ಕೆ ಮಾತ್ರ ಒದೀತದೆ. ಈ ಸ್ಪ್ರಿಂಗ್ ಗನ್ನು ಹಿಂದಕ್ಕೂ ಒದೀತದೆ, ಮುಂದಕ್ಕೂ ಒದೀತದೆ. ಮುಂದಿನ ಒದೆಗೆ ಇದರ ಒಳಗಿನ ಸಾಮಾನು ತಾಳಲ್ಲೀಂಗ.”

ನಾನು ನಕ್ಕೆ. ಎದುರಾಳಿ ತಾನಾಗಿಯೇ ಹಳ್ಳಕ್ಕಿಳಿದಾಗ ನಗುವ ನಗೆ ಅದು.

“ನೋಡಿ ಅಯ್ಯಾ, ಕಾಡುಕೋಣ ಉರುಳಿಸೋ ರೈಫಲ್ಲಿನ ಒದೆ ತಿಂದು ಬದುಕುವ ಸ್ಕೋಪು, ತಗಡಿನ ಮೊಲ ಬೀಳಿಸೋ ಗನ್ನಿನ ಒದೆಗೆ ಸಾಯುತ್ತಾ? ಲಾರಿ ಹೋದರೂ ಮುರಿಯದ ಸೇತುವೆ ಸೈಕಲ್ಲಿಗೆ ಮುರಿಯುತ್ತಾ? ದೊಡ್ಡದನ್ನು ತಡೆಯೋದು ಚಿಕ್ಕದನ್ನು ತಡೆಯಲೇಬೇಕಲ್ಲ!”

ಮಯಿಲ್ಸಾಮಿ ಎಣ್ಣೆಗೈ ಒರೆಸಿಕೊಂಡರು. ಮಾವನ ಕಡೆ ನೋಡಿದರು. ಮಾವ ಆಕಾಶದ ಕಡೆ ನೋಡಿದರು.

“ಚೆನ್ನಾಗಿ ಮಾತಾಡ್ತೀರೀಂಗ,” ಎಂದರು ಮಯಿಲ್ಸಾಮಿ.

ಇದನ್ನು ನಾನು ಶರಣಾಗತಿ ಎಂದು ದಾಖಲಿಸಿಕೊಂಡೆ. ‘ನೀವು ಹೇಳಿದ್ದು ಸರಿ’ ಎಂದು ಅವರು ಹೇಳಲಿಲ್ಲ ಎಂಬುದು ಹೊಳೆಯಲು ಹತ್ತು ದಿನ ಬೇಕಾಯಿತು. ಸ್ಕೋಪು ಕೂರಿಸಿ, ಹಿತ್ತಲಲ್ಲಿ ಹತ್ತು ಗುಂಡು ಹೊಡೆದು ಗುರಿ ಹೊಂದಿಸಿಕೊಟ್ಟರು. ಎಲ್ಲವೂ ನೆಟ್ಟಗೆ ಬಿದ್ದವು.

“ನೋಡಿದಿರಾ?” ಎಂದೆ.

“ಹತ್ತು ತಾನೆ ಆಗಿರೋದು. ನೋಡೋಣಂಗ,” ಎಂದರು.

ಬೇಟೆಯ ಭಾನುವಾರ ತೋಪಿನಲ್ಲಿ ಮೂವತ್ತು ಜನ. ಸೀಟಿ ಕತ್ತಿಗೆ ನೇತುಹಾಕಿಕೊಂಡ ನಿವೃತ್ತ ಪಿ.ಟಿ. ಮಾಸ್ಟರೊಬ್ಬರು ಜಡ್ಜ್. ಮಯಿಲ್ಸಾಮಿಯೂ ತಮ್ಮ ಸಾಮಾನಿನ ಚೀಲದೊಂದಿಗೆ ಬಂದಿದ್ದರು. ಮಾವನ ಸರದಿ ಬಂತು. ಮೊಲ, ಟಣ್! ಬಿತ್ತು. ಕೌಜುಗ, ಟಣ್! ಉಡ, ಟಣ್! ಒಂದೊಂದು ಬಿದ್ದಾಗಲೂ ನಾನು ಮಯಿಲ್ಸಾಮಿ ಕಡೆ ತಿರುಗಿ ಹುಬ್ಬೇರಿಸಿದೆ. ಅವರು ಅಷ್ಟೇ ಶ್ರದ್ಧೆಯಿಂದ ಟೀ ಕುಡಿಯುತ್ತಿದ್ದರು.

ನಾಲ್ಕನೆಯದು ಕಾಗೆ. ಗುಂಡು ಮೊಳ ದೂರದ ತೆಂಗಿನ ಬೊಡ್ಡೆಗೆ ಹೋಯಿತು.

“ಗಾಳಿ,” ಎಂದು ಘೋಷಿಸಿದೆ. ಒಂದು ಗರಿಯೂ ಅಲುಗುತ್ತಿರಲಿಲ್ಲ.

ಐದನೆಯದೂ ತಪ್ಪಿತು. ಗುಂಡುಗಳ ಗುಣಮಟ್ಟ ಸರಿಯಿಲ್ಲ ಎಂದೆ. ಆರನೆಯದಕ್ಕೆ, “ಮಾವ, ನೀವು ಉಸಿರು ಹಿಡೀತಿಲ್ಲ.” ಪಾಪ, ಅವರು ಉಸಿರು ಹಿಡಿದು ಮುಖ ಕೆಂಪಾಗಿತ್ತು. ಏಳನೆಯದು ನರಿ. ಅದನ್ನು ವೆಲ್ಡಿಂಗ್ ಮಾಡಿದವನೇ ಸೊಟ್ಟಗೆ ಮಾಡಿದ್ದಾನೆ ಎಂದು ಶಂಕೆ ವ್ಯಕ್ತಪಡಿಸಿದೆ.

ಕಾರ್ತಿ ಕಿವಿಯಲ್ಲಿ ಹೇಳಿದ: “ನೀನು ಎಲ್ಲಾನೂ ಅನುಮಾನಿಸ್ದೆ. ಒಂದನ್ನ ಬಿಟ್ಟು.”

ಎಂಟು, ಒಂಬತ್ತಕ್ಕೆ ನನ್ನಲ್ಲಿ ಕಾರಣಗಳ ದಾಸ್ತಾನು ಮುಗಿದಿತ್ತು. ಮಾವ ಕಾರಣವಿಲ್ಲದೆಯೇ ತಪ್ಪಿದರು. ಈಗ ಉಳಿದದ್ದು ಹಂದಿ. ಮಾವ ಸ್ಕೋಪಿಗೆ ಕಣ್ಣಿಟ್ಟು, ತೆಗೆದು, ಮತ್ತೆ ಇಟ್ಟರು.

“ಅಮ್ಮಣಿ, ಇದರೊಳಗಿನ ಗೆರೆ ಮುಂಚೆ ಪ್ಲಸ್ ಇತ್ತು. ಈಗ ಇಂಟು ಆಗಿದೆ.”

ಗನ್ ಇಸಿದುಕೊಂಡು ಅಲುಗಿಸಿದೆ. ಒಳಗೆ ಏನೋ ಗಲಗಲ ಎಂದಿತು, ಎಳೆಮಗುವಿನ ಗಿಲಕಿಯ ಹಾಗೆ. ಹಿಮಪರ್ವತಗಳನ್ನು ಗೆದ್ದ ಸ್ಕೋಪು ತಗಡಿನ ಕಾಗೆಯ ಮುಂದೆ ಪ್ರಾಣ ಬಿಟ್ಟಿತ್ತು!

ಮಯಿಲ್ಸಾಮಿ ಬಂದರು. ‘ನಾನು ಆಗಲೇ ಹೇಳಿದ್ದೆ’ ಎನ್ನಲಿಲ್ಲ. ಅಂದಿದ್ದರೆ ವಾದಿಸಬಹುದಿತ್ತು. ಚೀಲದಿಂದ ಸ್ಕ್ರೂಡ್ರೈವರ್ ತೆಗೆದು ಸ್ಕೋಪನ್ನು ಬಿಚ್ಚಿ ನನ್ನ ಕೈಗಿಟ್ಟರು. “ಗನ್ನಿನ ಮೂತಿ ಮೇಲಿನ ಕಡ್ಡಿ ನೋಡಿ ಹೊಡೀರೀಂಗ. ಇದಕ್ಕಿಂತ ಹಗುರದ ಸ್ಕೋಪು ಇಲ್ಲೀಂಗ.”

ಆದರೆ ನ್ಯಾಯ ಎಂಬುದೊಂದು ಇದೆಯಲ್ಲ! ಉಪಕರಣ ಕೆಟ್ಟು ಆರು ಗುಂಡು ವ್ಯರ್ಥವಾಗಿವೆ, ಆ ಆರನ್ನೂ ಮತ್ತೆ ಹೊಡೆಯಲು ಬಿಡಬೇಕು. ಸತ್ತ ಸ್ಕೋಪನ್ನು ಸಾಕ್ಷ್ಯವಾಗಿ ಹಿಡಿದು ಜಡ್ಜ್ ಬಳಿಗೆ ಧಾವಿಸಿದೆ. ದಾವಣಗೆರೆಯ ತಮಿಳಿನಲ್ಲಿ ವಾದ ಮಂಡಿಸಿದೆ. ಅವರು ರೂಲ್ ಇಲ್ಲಮ್ಮಾ ಎಂದರು. ರೂಲ್ ಇಲ್ಲದಿರುವುದು ನಿಷೇಧವಲ್ಲ ಎಂದೆ. ಅವರು ಬೆವರು ಒರೆಸಿಕೊಂಡರು. ನಾನು ಅವರ ತೋಳು ಹಿಡಿದು ಆ ಕಡೆಯ ಗುಡ್ಡಕ್ಕೆ ತಿರುಗಿಸಿ, ಸ್ಕೋಪನ್ನು ಅವರ ಕಣ್ಣಿಗೇ ಹಿಡಿದೆ.

“ಕಣ್ಣಾರೆ ನೋಡದೆ ತೀರ್ಪು ಕೊಡಬಾರದು ಸಾರ್! ನೋಡಿ! ಪ್ಲಸ್ಸಾ, ಇಂಟುವಾ?”

ಜಡ್ಜ್ ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಸ್ಕೋಪಿಗೆ ಒತ್ತಿ ನೋಡತೊಡಗಿದರು.

ಬೆನ್ನ ಹಿಂದೆ ಟಣ್ ಎಂದಿತು. ಮರುಕ್ಷಣ ತೋಪಿಗೆ ತೋಪೇ ಬೊಬ್ಬೆ ಹೊಡೆಯಿತು. ನಾನು ತಿರುಗದೆಯೇ ಗದರಿಸಿದೆ:

“ಸ್ವಲ್ಪ ಸುಮ್ಮನಿರ್ತೀರಾ? ಇಲ್ಲಿ ಮುಖ್ಯವಾದ ವಿಷಯ ನಡೀತಿದೆ!”

ಆಮೇಲೆ ತಿರುಗಿದೆ. ಹಂದಿ ನಾಲ್ಕೂ ಕಾಲು ಮೇಲೆ ಮಾಡಿ ಮಲಗಿತ್ತು. ಮಾವ ಗನ್ ಇಳಿಸಿ, ಭುಜ ಒತ್ತಿಕೊಳ್ಳುತ್ತ ನಗುತ್ತಿದ್ದರು. ಕಾರ್ತಿ ಕುಣಿಯುತ್ತಿದ್ದ. ಮಯಿಲ್ಸಾಮಿ ಟೀ ಚೆಲ್ಲಿಕೊಂಡಿದ್ದರು.

“ಬರೀರಿ ಸಾರ್, ಹತ್ತನೇದು ಬಿತ್ತು!” ಎಂದೆ.

ಜಡ್ಜ್ ಸ್ಕೋಪನ್ನು ಮರ್ಯಾದೆಯಿಂದ ನನಗೆ ಹಿಂದಿರುಗಿಸಿದರು. “ನಾನು ನೋಡಲಿಲ್ಲಮ್ಮಾ. ಕಣ್ಣಾರೆ ನೋಡದೆ ತೀರ್ಪು ಕೊಡಬಾರದು ಅಂತ ಈಗ ತಾನೆ ನೀವೇ ಹೇಳಿದ್ರಿ.”

“ಬಿದ್ದಿದೆಯಲ್ಲ, ಎದುರಿಗೇ!”

“ಗಾಳಿಗೆ ಬಿದ್ದಿರಬಹುದು. ಗಾಳಿ ಜೋರು ಅಂತಲೂ ನೀವೇ ಹೇಳಿದ್ರಿ.”

ನನ್ನ ಎರಡೂ ವಾದಗಳು ಒಟ್ಟಿಗೆ ಪಕ್ಷ ಬದಲಿಸಿದ್ದವು! ಹಾಳೆಯಲ್ಲಿ ಹತ್ತನೆಯದರ ಮುಂದೆ ದುಂಡಗೆ ಒಂದು ಸೊನ್ನೆ ಬಿತ್ತು.

ಮತ್ತೆ ಉಸಿರೆಳೆದುಕೊಳ್ಳುವಷ್ಟರಲ್ಲಿ ಮಾವ ಬಂದು ನನ್ನ ತಲೆಯ ಮೇಲೆ ಕೈಯಿಟ್ಟರು. “ಸಾಕು ಅಮ್ಮಣಿ. ಮೂವತ್ತು ಜನ ನೋಡಿದ್ರು ತಾನೆ. ಹಾಳೆ ಮೇಲೆ ಬರೆದ್ರೆ ಹಂದಿ ಇನ್ನೂ ಜಾಸ್ತಿ ಸಾಯ್ತದಾ?”

ಮನೆಗೆ ಬರುವ ದಾರಿಯುದ್ದಕ್ಕೂ ಹಂದಿ ಬೀಳುತ್ತಲೇ ಇತ್ತು. ಮನೆಯಲ್ಲಿ ಅತ್ತೆಯ ಮುಂದೆ ಮಾವ ಪೊರಕೆಯನ್ನು ಗನ್ನಿನಂತೆ ಹಿಡಿದು ತೋರಿಸಿದರು. ಕಾರ್ತಿ ಹಂದಿಯಾಗಿ ಸೋಫಾದ ಮೇಲೆ ಬಿದ್ದ. ಅತ್ತೆ ಕಣ್ಣರಳಿಸಿ ನನ್ನ ಕಡೆ ತಿರುಗಿದರು. “ನೀನು ಹೇಳಮ್ಮಾ, ನೀನಾದರೆ ವಿವರವಾಗಿ ಹೇಳ್ತೀಯ. ಹೇಗೆ ಬಿತ್ತು?”

ಏನು ಹೇಳಲಿ? ಆ ತೋಪಿನಲ್ಲಿ ಆ ಹಂದಿ ಬೀಳುವುದನ್ನು ನೋಡದೆ ಉಳಿದವರು ಇಬ್ಬರೇ. ಜಡ್ಜಿಗೆ ಒಂದು ನೆಪವಾದರೂ ಇದೆ, ಅವರನ್ನು ನಾನು ಹಿಡಿದು ನಿಲ್ಲಿಸಿದ್ದೆ. ನನ್ನನ್ನು ಹಿಡಿದು ನಿಲ್ಲಿಸಿದವಳೂ ನಾನೇ!