ಒಂದೇ ಕೈಬರಹದ ಎರಡು ಅರ್ಜಿ

ರಸ್ತೆ ಕೆಟ್ಟಿದೆ ಎಂದು ಕೂಗಾಡುವವರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ರಸ್ತೆ ಚೆನ್ನಾಗಿಬಿಡುತ್ತದೆ ಎಂದು ಕೂಗಾಡುವವರನ್ನು ನೋಡಿದ್ದೀರಾ? ಇಲ್ಲವೆಂದರೆ ನೀವು ನಮ್ಮ ಸೋದರಮಾವನನ್ನು ನೋಡಿಲ್ಲ. ಅವರ ಅಂಗಡಿ ಮುಂದೆ ಮಲಗುತ್ತಿದ್ದ ನಾಯಿ ಕೂಡ ಮೊದಲು ಅವರ ಮುಖ ನೋಡಿ, ಆಮೇಲೆ ಆಕಳಿಸುತ್ತಿತ್ತು!

ತೊಂಬತ್ತರ ದಶಕದ ಮಾತು. ನಾನು ನಂಜನಗೂಡಿನಿಂದ ನರಸೀಪುರಕ್ಕೆ ಸೊಸೆಯಾಗಿ ಬಂದದ್ದು ಮಾವನ ಬೀದಿಗೇ. ನಮ್ಮ ಮನೆಯಿಂದ ನಾಲ್ಕು ಬಾಗಿಲು ಆಚೆಗೆ ಅವರ ಬಾಡಿಗೆ ಸೈಕಲ್ ಅಂಗಡಿ, ಅದಕ್ಕೆ ಅಂಟಿಕೊಂಡಂತೆ ಮನೆ. ಮನೆಯಲ್ಲಿದ್ದವರು ಇಬ್ಬರೇ, ಮಾವ ಮತ್ತು ಅವರ ತಂಗಿ, ಅಂದರೆ ನಮ್ಮ ಚಿಕ್ಕಮ್ಮ. ಚಿಕ್ಕಮ್ಮನಿಗೆ ಚಿಕ್ಕಂದಿನಲ್ಲೇ ಪೋಲಿಯೋ ಬಂದು ಎರಡು ಕಾಲೂ ಸೋತಿದ್ದವು. ಕೈಯಲ್ಲಿ ತಿರುಗಿಸುವ ಹೊಲಿಗೆ ಮಿಷನ್ ಮುಂದೆ ಕೂತರೆ ಮಾತ್ರ ಅವರನ್ನು ಹಿಡಿಯುವವರಿರಲಿಲ್ಲ. ಮಾವ ಮದುವೆಯಾಗಲಿಲ್ಲ. ಒಮ್ಮೆ ತಲಕಾಡಿನ ಕಡೆ ಹೆಣ್ಣು ನೋಡಲು ಹೋಗಿ, ಹಾಡು ಬರುತ್ತದೆಯೇ ಎಂದು ಕೇಳುವ ಬದಲು ಬ್ಯಾಲೆನ್ಸು ಬರುತ್ತದೆಯೇ ಎಂದು ಕೇಳಿದರಂತೆ. ಕಾಫಿ ಕೂಡ ಕೊಡದೆ ಕಳಿಸಿದರಂತೆ.

ಬೇರೆ ಅಂಗಡಿಗಳಲ್ಲಿ ಹೆಸರು ಬರೆದುಕೊಂಡು, ಗಡಿಯಾರ ನೋಡಿ ಸೈಕಲ್ ಕೊಡುತ್ತಾರೆ. ಮಾವನ ಅಂಗಡಿಯಲ್ಲಿ ಮೊದಲು ಪರೀಕ್ಷೆ! ಅಂಗಡಿ ಪಕ್ಕದಿಂದ ಹೊಳೆಗೆ ಇಳಿಯುವ ಒಂದು ಓಣಿಯಿತ್ತು. ಮೇಲುಗಡೆ ಮುರುಕು ಮೆಟ್ಟಿಲು ಮೂರು. ಅದಾದ ಮೇಲೆ ದಾರಿಗೆ ಅಡ್ಡ ಮಲಗಿದ ಬೇವಿನ ಬೇರು. ಆಮೇಲೆ ಒಂದು ಓರೆ ಬಂಡೆ. ಕೊನೆಯಲ್ಲಿ, ಇಷ್ಟೆಲ್ಲ ದಾಟಿ ಬಂದವನು ಗೆದ್ದೆ ಎಂದುಕೊಳ್ಳುವ ಜಾಗದಲ್ಲಿ, ಮುಂದಿನ ಗಾಲಿಯನ್ನು ನುಂಗುವ ಮರಳು. ನೆಲಕ್ಕೆ ಕಾಲು ತಾಗಿಸದೆ ಹೊಳೆಯಂಚು ಮುಟ್ಟಿದವನಿಗೆ ಮಾತ್ರ ಬಾಡಿಗೆಗೆ ಸೈಕಲ್.

ಒಮ್ಮೆ ಹೊಸ ಅಳಿಯನೊಬ್ಬ ಹೆಂಡತಿಯನ್ನು ಮ್ಯಾಟಿನಿಗೆ ಕರೆದುಕೊಂಡು ಹೋಗಲು ಸೈಕಲ್ ಕೇಳಿಕೊಂಡು ಬಂದ. ಮದುವೆಯ ಪಂಚೆ, ಕೈಯಲ್ಲಿ ಹೆಣ್ಣಿನ ಮನೆಯವರು ಕೊಟ್ಟ ವಾಚು.

"ಇಳ್ದು ತೋರ್ಸಪ್ಪ" ಎಂದರು ನಮ್ಮ ಮಾವ.

"ಸಾ, ನಾನು ಮೈಸೂರಲ್ಲೇ ಸೈಕಲ್ ತುಳ್ದವ್ನು!"

"ಮೈಸೂರಲ್ಲಿ ಟಾರ್ ರೋಡೇ ಸೈಕಲ್ ತುಳೀತದೆ, ನೀನು ಸುಮ್ನೆ ಮೇಲೆ ಕೂತಿರ್ತೀಯ. ಇಳಿ."

ಅಳಿಯ ಬೇರಿನ ಹತ್ತಿರವೇ ಪಂಚೆ ಸಮೇತ ಹಾರಿದ. ಅವನ ಹೆಂಡತಿ ನಮ್ಮೂರಿನವಳೇ. ಸೆರಗು ಸಿಕ್ಕಿಸಿಕೊಂಡು, ಅದೇ ಸೈಕಲ್ಲನ್ನು ತಳ್ಳಿಕೊಂಡು ಮೇಲೆ ಬಂದು, ಹತ್ತಿ, ಒಂದೇ ಉಸಿರಿಗೆ ಹೊಳೆಯಂಚಿಗೆ ಹೋಗಿ ನಿಂತಳು! ಮಾವ ಪುಸ್ತಕದಲ್ಲಿ ಅವಳ ಹೆಸರನ್ನೇ ಬರೆದುಕೊಂಡರು. ಅಳಿಯ ಕ್ಯಾರಿಯರ್ ಮೇಲೆ ಕೂತು ಸಿನಿಮಾಕ್ಕೆ ಹೋದ. ಆ ದಂಪತಿ ಈಗಲೂ ಚೆನ್ನಾಗಿದ್ದಾರೆ ಎಂದು ಕೇಳಿದ್ದೇನೆ.

ಆ ಓಣಿಯನ್ನು ಮಾವ ನೋಡಿಕೊಳ್ಳುತ್ತಿದ್ದ ರೀತಿಯನ್ನು ಏನೆಂದು ಹೇಳಲಿ? ಮಳೆಗೆ ಕಲ್ಲೊಂದು ಜರುಗಿದರೆ ಹುಡುಕಿ ತಂದು ಮತ್ತೆ ಅದೇ ಜಾಗದಲ್ಲಿ, ಅದೇ ಕೆಟ್ಟ ಕೋನದಲ್ಲಿ ಕೂರಿಸುತ್ತಿದ್ದರು! ಬಟ್ಟೆ ಒಗೆಯಲು ಹೋಗುವ ಹೆಂಗಸರು ಬೇರಿನ ಪಕ್ಕ ಒಂದು ಚಪ್ಪಡಿ ಹಾಕಿಕೊಂಡರೆ ಅದನ್ನು ಎತ್ತಿ ಎಸೆದು, "ಇವತ್ತು ಚಪ್ಪಡಿ ಹಾಕ್ತೀರಿ, ನಾಳೆ ಕಂಬಳಿ ಹಾಸ್ತೀರಿ!" ಎಂದು ಇಡೀ ಬೀದಿಗೆ ಕೇಳುವ ಹಾಗೆ ಕೂಗಿದ್ದರು. ಭಾನುವಾರ ಬೆಳಗ್ಗೆ ಅವರ ಶಿಷ್ಯರ ದಂಡು ಸೇರುತ್ತಿತ್ತು. ಪೋಸ್ಟ್‌ಮನ್, ಅಕ್ಕಿ ಗಿರಣಿಯ ಫಿಟ್ಟರ್, ಇನ್ನು ಮೂರು ನಾಲ್ಕು ಜನ. ಒಬ್ಬೊಬ್ಬರಾಗಿ ಇಳಿಯುವುದು, ಬೀಳುವುದು, ಬಿದ್ದವನಿಗೆ ಮಾವ ಬೈಯುವುದು. ಮೇಲೆ, ಮನೆಯ ಜಗಲಿಯಲ್ಲಿ ಮಿಷನ್ ಮುಂದೆ ಕೂತು ಚಿಕ್ಕಮ್ಮ ತೀರ್ಪು ಹೇಳುವುದು: "ಬೆರಳು ತಾಗ್ತು ಅಣ್ಣ, ನಾನು ನೋಡ್ದೆ!"

ಹೀಗಿರುವಾಗ ಚಿಕ್ಕಮ್ಮನಿಗೆ ಯಾವುದೋ ಶಿಬಿರದಲ್ಲಿ ಕೈಯಲ್ಲಿ ಪೆಡಲ್ ತಿರುಗಿಸುವ ಮೂರು ಗಾಲಿಯ ಸೈಕಲ್ ಸಿಕ್ಕಿತು. ಸಂತೆಗೆ ಅವರೇ ಹೋದರು, ಬ್ಯಾಂಕಿಗೆ ಅವರೇ ಹೋದರು. ಒಂದು ಮಧ್ಯಾಹ್ನ ನಮ್ಮ ಮನೆ ಮುಂದೆ ಗಾಡಿ ನಿಲ್ಲಿಸಿ, ದನಿ ತಗ್ಗಿಸಿ ಕರೆದರು. ಬೀದಿಯವರ ಅರ್ಜಿ, ಪತ್ರಗಳನ್ನೆಲ್ಲ ಬರೆದುಕೊಡುತ್ತಿದ್ದವಳು ನಾನೇ. ಅಕ್ಷರ ದುಂಡಗಿದೆ ಎಂದು ಹೆಸರಾಗಿತ್ತು.

"ಪಂಚಾಯ್ತಿಗೆ ಒಂದು ಅರ್ಜಿ ಬರ್ಕೊಡೇ ಅಮ್ಮಣ್ಣಿ. ಒಳೆ ಓಣಿಗೆ ಸಿಮೆಂಟ್ ರೋಡು ಆಕ್ಸಿಕೊಡಿ ಅಂತ. ನಿಮ್ಮಾವನಿಗೆ ಯೋಳ್ಬ್ಯಾಡ."

ನಾನು ಬೀದಿಯ ಎರಡೂ ಕಡೆ ನೋಡಿದೆ. "ಮಾವನಿಗೆ ಹೇಳಿದರೆ ಎತ್ತಿಕೊಂಡು ಹೋಗಿ ಹೊಳೆ ತೋರಿಸುವುದಿಲ್ಲವೇ ಚಿಕ್ಕಮ್ಮ?"

"ತೋರುಸ್ತಾನೆ. ಉಟ್ದಾಗಿಂದ ಎತ್ಕೊಂಡೇ ತಿರುಗ್ತಾವ್ನೆ. ನನಗೆ ಸಾಕಾಗದೆ. ಮನೆ ಇಂದ್ಗಡೇನೇ ನೀರು ಅರಿಯೋದು ಕೇಳುಸ್ತದೆ. ನಾನು ಒಬ್ಳೇ ಓಗಿ ಅದ್ರಲ್ಲಿ ಕೈ ಇಡ್ಬೇಕು. ಬರೀ."

ಬರೆದೆ. ಬಟ್ಟೆ ಒಗೆಯುವ ಹೆಂಗಸರೆಲ್ಲ ಬಹಳ ಉತ್ಸಾಹದಿಂದ ಹೆಬ್ಬೆಟ್ಟು ಒತ್ತಿದರು.

ಅರ್ಜಿ ಮಂಜೂರಾದ ಸುದ್ದಿ ಬಂದ ದಿನ ನಮ್ಮ ಬೀದಿಯಲ್ಲಿ ಹಾಲು ತಾನಾಗಿ ಉಕ್ಕಿತು ಎಂದರೂ ನಡೆಯುತ್ತದೆ. ಮಾವ ಪಂಪು ಕೈಯಲ್ಲಿ ಹಿಡಿದುಕೊಂಡೇ ಬೀದಿಗಿಳಿದರು. "ಯಾವನ್ಲಾ ಅದು ಅರ್ಜಿ ಆಕಿದವ್ನು? ಎದುರಿಗೆ ಬಾ!" ಪೋಸ್ಟ್‌ಮನ್ ಪಾಪ, ಬಾಯಿ ತಪ್ಪಿ, "ರೋಡಾದ್ರೆ ಆಗ್ಲಿ ಬುಡಿ ಸಾ, ನಂಗೂ ಮಂಡಿ ನೋವು" ಎಂದುಬಿಟ್ಟರು. ಅಂದಿನಿಂದ ಅವರ ಸೈಕಲ್ಲಿಗೆ ಮಾವ ಗಾಳಿ ಹಾಕುವುದನ್ನು ನಿಲ್ಲಿಸಿದರು. ಆ ವಾರದ ಟಪಾಲು ನಮ್ಮ ಬೀದಿಗೆ ನಡೆದುಕೊಂಡು ಬಂತು. ಅರ್ಜಿ ಹಾಕಿದವನು ಗಿರಣಿ ಫಿಟ್ಟರ್ ಇರಬಹುದು ಎಂದು ಎರಡು ದಿನ ಅವನಿಗೆ ಬೈದರು. ಆ ಅಳಿಯನೇ ಇರಬಹುದು ಎಂದು ಇನ್ನೆರಡು ದಿನ ಅವನಿಗೆ. ನಾನು ಬಾಗಿಲು ಮುಂದೆ ಮಾಡಿಕೊಂಡೇ ಅಡುಗೆ ಮಾಡಿದೆ.

ಐದನೇ ದಿನ ಮಾವನೇ ನಮ್ಮ ಮನೆಗೆ ಬಂದರು. ರೋಡು ಬೇಡ ಎಂದು ಎದುರು ಅರ್ಜಿ ಬರೆಯಬೇಕು. ಬರೆಯುವವರು ಯಾರು? ದುಂಡಕ್ಷರದ ನಾನೇ!

ಮಾವನ ಜಗಲಿಯಲ್ಲಿ ಕೂತು ಬರೆದೆ. ಚಿಕ್ಕಮ್ಮ ಪಕ್ಕದಲ್ಲೇ ರವಿಕೆ ತೋಳು ಹೊಲಿಯುತ್ತಿದ್ದರು.

"ಬರ್ಕೊ. ಸದರಿ ಓಣಿಯಲ್ಲಿ ಕಲ್ಲು ಇರುವುದು ನಿಜ. ಇರಬೇಕಾದ್ದೂ ನಿಜ. ಎಲ್ಲಾ ಸಮ ಮಾಡಿಬಿಟ್ಟರೆ ಜನ ಬೀಳುವುದನ್ನು ಎಲ್ಲಿ ಕಲಿಯಬೇಕು?"

"ಈ ಬಗ್ಗೆ ಬಹಳ ಕೋಪವಾಗಿದೆ ಅಂತ ಸೇರ್ಸಣ್ಣ" ಎಂದರು ಚಿಕ್ಕಮ್ಮ, ತಲೆ ಎತ್ತದೆ.

"ಆ, ಅದ್ನೂ ಬರ್ಕೊ!"

ಗುರುತು ಸಿಗದಿರಲಿ ಎಂದು ಅಕ್ಷರ ಓರೆ ಮಾಡಿ ನೋಡಿದೆ. ಎರಡು ಸಾಲು ಓರೆಯಾಗಿ ಹೋದವು, ಮೂರನೆಯದರಲ್ಲಿ ಕೈ ಮತ್ತೆ ದುಂಡಗಾಯಿತು. ಇಪ್ಪತ್ತು ವರ್ಷದ ಅಭ್ಯಾಸ, ಹೆದರಿಕೆಗೆ ಬಿಟ್ಟುಹೋಗುತ್ತದೆಯೇ?

ಪಂಚಾಯ್ತಿ ಕಚೇರಿಯಲ್ಲಿ ಗುಮಾಸ್ತರು ಎರಡೂ ಅರ್ಜಿಗಳನ್ನು ಪಕ್ಕಪಕ್ಕ ಇಟ್ಟು ನಕ್ಕರಂತೆ. "ಇದೇನ್ ಸಾ, ಎರಡ್ರದೂ ಒಂದೇ ಅಕ್ಷರ! ನಿಮ್ಮ ಕಡೆಯವ್ರೇ ಬೇಕು ಅಂತಾರೆ, ನಿಮ್ಮ ಕಡೆಯವ್ರೇ ಬ್ಯಾಡ ಅಂತಾರೆ. ಮನೇಲಿ ಮಾತಾಡ್ಕೊಂಡು ಬನ್ನಿ."

ಮಾವ ನೇರ ನಮ್ಮ ಮನೆಗೆ ಬಂದರು. ನಾನು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದೆ. ಮೊದಲ ಬಾರಿಗೆ ಅವರು ಕೂಗಲಿಲ್ಲ. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು.

"ಅಮ್ಮಣ್ಣಿ, ಮೊದ್ಲು ಅರ್ಜಿ ಯಾರು ಬರ್ಸಿದ್ದು?"

ನಾನು ಅಕ್ಕಿ ನೋಡಿದೆ. ಬಾಗಿಲಾಚೆ ಮೂರು ಗಾಲಿ ಕಿರ್ರೆಂದಿತು. ಅಣ್ಣ ಬೀದಿಯಲ್ಲಿ ಬಂದ ವೇಗ ನೋಡಿಯೇ ಚಿಕ್ಕಮ್ಮ ಹಿಂದೆ ಬಂದಿದ್ದರು.

"ಆ ಕೂಸನ್ನ ಯಾಕೆ ಎದರುಸ್ತೀಯ? ಬರ್ಸಿದ್ದು ನಾನು."

"ನೀನಾ? ನೀನಾ ಪುಟ್ಟಿ? ನನ್ನ ಒಂದು ಮಾತು ಕೇಳ್ದೆ? ಒಳೆಗೆ ಎತ್ಕೊಂಡೋಗು ಅಂದಿದ್ರೆ ನಾನು ಎತ್ಕೊಂಡೋಗ್ತಿರ್ನಿಲ್ವಾ?"

ಚಿಕ್ಕಮ್ಮನಿಗೆ ಕೋಪ ಬಂದದ್ದನ್ನು ನಾನು ಅವತ್ತೇ ನೋಡಿದ್ದು. ಅಣ್ಣನದು ಏನೂ ಅಲ್ಲ ಅದರ ಮುಂದೆ. "ನೋಡು, ಮತ್ತೆ ಎತ್ಕೊಳ್ಳೋ ಮಾತು! ನಿನ್ನ ಶಿಷ್ಯರು ಬಿದ್ದೋ ಎದ್ದೋ ಒಳೆಗೆ ಓಗ್ತಾರೆ. ಯಾರ ಬೆರಳು ತಾಗ್ತು ಅಂತ ನಾನು ಮೇಲೆ ಕೂತ್ಕೊಂಡು ಯೋಳ್ತೀನಿ. ನನಗೆ ಬೀಳೋಕಾದ್ರೂ ಒಂದು ದಾರಿ ಬ್ಯಾಡ್ವೇನೋ?"

ಮಾವ ಮೂರು ಗಾಲಿಯನ್ನು ಬಳಸಿಕೊಂಡು ಹೊರಗೆ ಹೋದರು. ಅಂಗಡಿಗೆ ಬೀಗ ಬಿತ್ತು.

ಓಣಿಗೆ ಸಿಮೆಂಟು ಬಿದ್ದಾಗ ಅವರು ಬಂದು ನೋಡಲೂ ಇಲ್ಲ. ಮೆಟ್ಟಿಲು ಮುಚ್ಚಿತು, ಬೇರು ಮುಚ್ಚಿತು, ಬಂಡೆ ಮುಚ್ಚಿತು, ಕೊನೆಯ ಮರಳೂ ಮುಚ್ಚಿತು. ಅಣ್ಣ ತಂಗಿ ಒಂದೇ ಮನೆಯಲ್ಲಿ ಉಂಡರು, ಒಂದು ಮಾತೂ ಆಡಲಿಲ್ಲ. ಚಿಕ್ಕಮ್ಮ ಒಂದು ಸಲ ಗಾಡಿಯನ್ನು ಓಣಿಯ ಬಾಯಿಗೆ ತಂದರು. ನಾಲ್ಕು ಮಾರು ಇಳಿಯುವಷ್ಟರಲ್ಲಿ ಬ್ರೇಕು ಹಿಡಿದರೂ ಗಾಲಿ ಜಾರತೊಡಗಿ, ನೀರು ಹೊತ್ತು ಬರುತ್ತಿದ್ದ ಹೆಂಗಸರಿಬ್ಬರು ತಡೆದು ಹಿಂದಕ್ಕೆ ತಳ್ಳಿದರು. ಮನೆಯ ಅರೆಮುಚ್ಚಿದ ಬಾಗಿಲ ಸಂದಿಯಲ್ಲಿ ಮಾವನ ಕಣ್ಣು ಕಂಡಿತು ಎಂದು ಅವರಲ್ಲೊಬ್ಬಳು ಆಮೇಲೆ ಹೇಳಿದಳು.

ಮಾರನೆಯ ಬೆಳಗ್ಗೆ ಓಣಿಯಲ್ಲಿ ಸುತ್ತಿಗೆ ಸದ್ದು. ಮಾವ ರೋಡು ಒಡೆಯುತ್ತಿದ್ದಾರೆ ಎಂದು ಬೀದಿಗೆ ಬೀದಿಯೇ ಓಡಿತು. ನಾನು ಸೌಟು ಹಿಡಿದುಕೊಂಡೇ ಓಡಿದೆ.

"ಮಾವ! ಸರ್ಕಾರಿ ರೋಡು! ಪೊಲೀಸರು ಬರುತ್ತಾರೆ!"

ಅವರು ಕುಕ್ಕರಗಾಲಲ್ಲಿ ಕೂತು, ಉಳಿ ಹಿಡಿದು, ರಸ್ತೆಗೆ ಅಡ್ಡಡ್ಡ ಗೆರೆ ಕೊರೆಯುತ್ತಿದ್ದರು. ಗೇಣಿಗೊಂದು ಗೆರೆ. ಸವೆದ ಒರಳುಕಲ್ಲನ್ನು ಉಳಿಯಲ್ಲಿ ಕುಟ್ಟಿ ಒರಟು ಮಾಡುತ್ತಾರಲ್ಲ, ಹಾಗೆ.

"ಬರ್ಲಿ ಪೊಲೀಸ್ನೋರು! ಇದ್ನ ರೋಡು ಅಂತಾರಾ? ಕನ್ನಡಿ ಉಜ್ಜಿದಂಗೆ ಉಜ್ಜವ್ನೆ ಬಡ್ಡೀಮಗ! ಮೂರು ಗಾಲಿ ಇದ್ರ ಮೇಲೆ ನಿಲ್ತದಾ? ಮನುಷ್ಯರು ಓಡಾಡ್ತಾರೆ ಅನ್ನೋ ಗ್ಯಾನ ಬ್ಯಾಡ್ವಾ?"

ನಾಲ್ಕು ದಿನ ಕೊರೆದರು, ನಾಲ್ಕು ದಿನವೂ ಬೈದರು. ಪೋಸ್ಟ್‌ಮನ್ ಎರಡನೇ ದಿನ ತಾನೇ ಒಂದು ಉಳಿ ತಂದು ಪಕ್ಕದಲ್ಲಿ ಕೂತರು. ಮಾವ ಅವರಿಗೂ ಬೈದರು, ಗೆರೆ ಸೊಟ್ಟಗಿದೆ ಎಂದು.

ಐದನೇ ದಿನ ಅಂಗಡಿಯ ಬೀಗ ತೆಗೆದಿತ್ತು. ಹೊಸ ರವಿಕೆ ತೆಗೆದುಕೊಂಡು ಹೋಗಲು ಸಂತೆಬೀದಿಯ ಹೆಂಗಸೊಬ್ಬಳು ಬಂದು ಕಾಯುತ್ತಿದ್ದಳು. ನಾನೂ ಹೊಲಿಯಲು ಕೊಟ್ಟ ಲಂಗ ಕೇಳಲು ಹೋಗಿದ್ದೆ. ಜಗಲಿಯಲ್ಲಿ ಮಿಷನ್ ಒಂದೇ ಇತ್ತು. ಸೂಜಿಯ ಕೆಳಗೆ ಅರ್ಧ ಹೊಲಿದ ತೋಳು. ಮಾವ ಓಣಿಗೆ ಬೆನ್ನು ಹಾಕಿ ಕೂತು ಪಂಕ್ಚರ್ ಹಾಕುತ್ತಿದ್ದರು. ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಮುಳುಗಿಸಿಯೇ ಹಿಡಿದಿದ್ದರು. ಗುಳ್ಳೆ ಏಳುವುದು ನಿಂತು ಬಹಳ ಹೊತ್ತಾಗಿತ್ತು.

"ಟೈಲರಮ್ಮ ಇಲ್ವಾ ಸಾ?"

"ಇಲ್ಲ. ಒಳೆಗೆ ಓಗವ್ಳೆ."

"ಯಾರು ಕರ್ಕೊಂಡೋದ್ರು?"

"ಯಾರು ಕರ್ಕೊಂಡೋಗ್ಬೇಕು? ಒಬ್ಳೇ ಓಗವ್ಳೆ!" ಎಂದು ಸಿಡುಕಿದರು.

"ಯಾವಾಗ ಬತ್ತಾರೆ?"

"ನಂಗೇನಮ್ಮ ಗೊತ್ತು?" ಮಾವನ ದನಿ ಬೀದಿಯ ಕೊನೆಯವರೆಗೂ ಕೇಳಿಸಿತು. "ನನ್ನ ಕೇಳ್ಬುಟ್ಟು ಓದ್ಲಾ ಅವ್ಳು?"