ಇಸ್ತ್ರಿ ಹಾಕಿದ ಬಿಳಿ ಅಂಗಿ

ಥೇನ್ ಜೋ ಅಂದು ಬಿಳಿ ಅಂಗಿಗೆ ಇಸ್ತ್ರಿ ಹಾಕಿಸಿಕೊಂಡು ಬಂದದ್ದೇ ತಪ್ಪಾಯಿತು. ಬ್ಯಾಂಕಾಕಿನ ಆ ನೂಡಲ್ ಅಂಗಡಿಯಲ್ಲಿ ಬಿಳಿ ಅಂಗಿ ಸೂಪರ್‌ವೈಸರ್‌ಗೆ ಮಾತ್ರ. ಜೊತೆಗೆ ಮಹಡಿ ಮೇಲೊಂದು ಕೋಣೆ. ಎಂಟು ವರ್ಷ ತಟ್ಟೆ ಹೊತ್ತವನು ನಾನು, ಖಾಲಿ ಬಿದ್ದಿರೋ ಆ ಕೆಲಸ ಇನ್ಯಾರಿಗೆ ಹೋಗುತ್ತೆ ಅಂದುಕೊಂಡು, ಬರ್ಮಾದಲ್ಲಿದ್ದ ಹೆಂಡತಿ ಮಾ ಏಗೆ ಗಂಟು ಕಟ್ಟಿಕೊಂಡು ಹೊರಡು ಅಂತ ಫೋನೂ ಮಾಡಿಬಿಟ್ಟಿದ್ದ ಪುಣ್ಯಾತ್ಮ.

ಒಡತಿ ಜೇ ಹೊಂಗ್ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಅಂಗಿ ಚೆನ್ನಾಗಿದೆ. ಬಿಚ್ಚಿಕೊಡು, ಪ್ರಸಿತ್‌ಗೆ ಸರಿಹೋಗತ್ತೆ. ಇವತ್ತಿಂದ ಅವನೇ ಸೂಪರ್‌ವೈಸರ್."

ಪ್ರಸಿತ್ ಸೇರಿ ಇನ್ನೂ ತಿಂಗಳಾಗಿರಲಿಲ್ಲ.

"ಮತ್ತೆ ನಾನಕ್ಕ?"

"ಗಿರಾಕಿಗಳಿಗೆ ನಮ್ಮ ದೇಶದೋನೇ ಬೇಕು ಕಣಪ್ಪ. ಬೇಜಾರು ಮಾಡ್ಕೋಬೇಡ."

ಥೇನ್ ಜೋ ಬನಿಯನ್ನಿನಲ್ಲಿ ಅಂಗಡಿಯ ಹಿಂಬದಿಗೆ ಬಂದ. ಪಾತ್ರೆ ತೊಳೆಯುತ್ತಿದ್ದ ನೋಯ್ ಅಜ್ಜಿ ಬಿಡಲಿಲ್ಲ.

"ಬರ್ಮಾದೋನು ಅಂತ ತುಳಿದ್ರೆ ಸುಮ್ನೆ ಬರ್ತೀಯೇನೋ? ಹೋಗಿ ಮುಖಕ್ಕೆ ಕೇಳು. ಹೆಂಡ್ತಿ ಬಂದ್ರೆ ಎಲ್ಲಿ ಮಲಗಿಸ್ತೀಯ, ನನ್ನ ಬಾನಿಯೊಳಗಾ?"

ಮಧ್ಯಾಹ್ನದ ನೂಕುನುಗ್ಗಲಲ್ಲಿ ಅವನು ಧೈರ್ಯ ಮಾಡಿ ಗಲ್ಲಾದ ಮುಂದೆ ನಿಂತ. "ಅಕ್ಕಾ, ಇದು ಅನ್ಯಾಯ" ಅನ್ನುವಷ್ಟರಲ್ಲಿ ಹಿಂದಿನಿಂದ ಕೇಳಿಸಿತು: ಪ್ಚ್, ಪ್ಚ್.

ಮುತ್ತಿಟ್ಟಂಥ ಸದ್ದು. ಬರ್ಮಾದ ಚಹಾದಂಗಡಿಗಳಲ್ಲಿ ಮಾಣಿಯನ್ನು ಕರೆಯುವುದೇ ಹೀಗೆ. ಬ್ಯಾಂಕಾಕಿನಲ್ಲಿ ಹೀಗೆ ಕರೆದರೆ ಕಪಾಳಕ್ಕೆ ಬೀಳುತ್ತದೆ. ಚಿಕ್ಕಂದಿನಲ್ಲಿ ಅಂಥ ಅಂಗಡಿಯಲ್ಲೇ ದುಡಿದಿದ್ದ ಥೇನ್ ಜೋನ ಕಾಲುಗಳು ತಾವಾಗಿ ಓಡಿದವು. ನೋಡಿದರೆ, ಕೈತುಂಬ ಬಟ್ಟಲು ಹಿಡಿದು ಬೆವರುತ್ತಿದ್ದ ಪ್ರಸಿತ್ ಇನ್ನೂ ತುಟಿ ಮುಂದೆ ಮಾಡಿಕೊಂಡೇ ನಿಂತಿದ್ದ.

ಅಯ್ಯೋ ಕಳ್ಳ, ಇವನೂ ನಮ್ಮೂರ ಕಡೆಯವನೇ.

ಪಕ್ಕದ ಮೇಜಿನ ಹೆಂಗಸು ಎದ್ದು ನಿಂತಳು. "ಯಾರದು ನನಗೆ ಮುತ್ತು ಕೊಟ್ಟಿದ್ದು?"

ಪ್ರಸಿತ್ ಬಟ್ಟಲುಗಳನ್ನು ಮೇಜಿನ ಮೇಲಿಟ್ಟು ಕೈಮುಗಿದ. "ತಪ್ಪಾಯ್ತು ಮೇಡಂ. ನಮ್ಮಲ್ಲೊಬ್ಬ ಬರ್ಮಾದೋನಿದಾನೆ."

ಇಡೀ ಅಂಗಡಿ ಥೇನ್ ಜೋನತ್ತ ತಿರುಗಿತು. ಜೇ ಹೊಂಗ್ ಅವನ ರಟ್ಟೆ ಹಿಡಿದು ಅಡುಗೆಮನೆಗೆ ಎಳೆದೊಯ್ದಳು.

"ನಾನಲ್ಲಕ್ಕ, ಪ್ರಸಿತ್! ಅವನೂ ಬರ್ಮಾದೋನೇ!"

"ಮೆಲ್ಲಗೆ ಮಾತಾಡು. ನಂಗೊತ್ತು."

"ಗೊತ್ತಾ? ಮತ್ತೆ ನಮ್ಮ ದೇಶದೋನು ಬೇಕು ಅಂದ್ರಿ?"

"ಗಿರಾಕಿಗಳಿಗೆ ಗೊತ್ತಿಲ್ವಲ್ಲ. ಅವನು ಬಂದ ದಿನವೇ ಹೆಸರು ಬದಲಾಯಿಸ್ಕೊಂಡ. ನೀನು ಬಂದ ದಿನವೇ ಬೀದಿಗೆಲ್ಲ ನಿನ್ನ ಊರು ಕೇರಿ ಹೇಳ್ಕೊಂಡು ಬಂದೆ."

"ಹಾಗಾದ್ರೆ ನಂಗೂ ಒಂದು ಹೆಸರು ಕೊಡಿ. ಮಾ ಏ ಬಸ್ಸು ಹತ್ತಿಬಿಟ್ಟಿದಾಳೆ ಅಕ್ಕ."

ಜೇ ಹೊಂಗ್‌ಗೆ ನಿಜವಾಗಿಯೂ ಕನಿಕರವಾಯಿತು. ಆದರೂ ವ್ಯಾಪಾರ ವ್ಯಾಪಾರವೇ.

"ನೀನೂ ಥಾಯ್ ಆಗ್ಬಿಟ್ರೆ, ಇಂಥದ್ದೇನಾದ್ರೂ ಆದಾಗ ಗಿರಾಕಿ ಮುಂದೆ ನಾನು ಯಾರನ್ನ ಬೈಯಲಿ? ಅಂಗಡಿಗೆ ಒಬ್ಬ ಬರ್ಮಾದೋನು ಬೇಕೇಬೇಕು. ಸ್ವಲ್ಪ ತಲೆ ತಗ್ಗಿಸು, ಆ ಹೆಂಗಸು ಇಣುಕ್ತಿದಾಳೆ."

ಅವನು ತಲೆ ತಗ್ಗಿಸಿದ. ಅವಳು ಬೀದಿಗೆಲ್ಲ ಕೇಳುವಂತೆ ಬೈದಳು. ಹೊರಗೆ ಹೆಂಗಸು ಸಮಾಧಾನವಾಗಿ ಕೂತು ಇನ್ನೊಂದು ಬಟ್ಟಲು ತರಹೇಳಿದಳು.

ಆಗ ಬಾಗಿಲ ಮರೆಯಿಂದ, ಬಹಳ ಮೆಲ್ಲಗೆ: ಪ್ಚ್, ಪ್ಚ್.

ಥೇನ್ ಜೋ ಬಟ್ಟಲು ಎತ್ತಿಕೊಂಡು ಹೊರಟ.